ನಿಜವಾದ ಗಾಳಿಗೋಪುರ
(ಸಂಘದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಊಟಕ್ಕೆ ಮುಂಚೆ ನಮ್ಮ ಭಾಷಣ ಇಟ್ಟಿದ್ದಾರೆ. ಆದ್ದರಿಂದ ನಿಮ್ಮ ತಾಳ್ಮೆಗೆ ಎಷ್ಟು ಆಯುಸ್ಸು ಉಂಟು ಎನ್ನುವುದು ನಮಗೆ ಗೊತ್ತಿದೆ. ನಮ್ಮ ಕನ್ನಡದಲ್ಲಿ ಗಾಳಿಗೋಪುರ ಕಟ್ಟುವುದು ಎಂದರೆ ಆಗದ ಹೋಗದ ಕನಸು ಕಾಣುವುದು ಎಂದರ್ಥ. ಆದರೆ ನಾವು ಅನ್ನ ಹುಟ್ಟಿಸಿಕೊಂಡಿರುವ ಈ ದುಬೈಯಲ್ಲಿ ಗಾಳಿಗೋಪುರ ಎನ್ನುವುದು ಕಲ್ಲು, ಸುಣ್ಣ, ಮರದಿಂದ ಕಟ್ಟಿದ ನಿಜವಾದ ವಸ್ತು. ಅದರ ಅರಬ್ಬೀ ಹೆಸರು ಬರ್ಜೀಲ್. ಅದರ ಬಗ್ಗೆ, ಈಗಿನ ಮನೆ ಕಟ್ಟುವಾಗ ಅದರಿಂದ ಏನು ತೆಗೆದುಕೊಳ್ಳಬಹುದು, ಏನು ತೆಗೆದುಕೊಳ್ಳಬಾರದು ಎನ್ನುವುದರ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ನಾವು ಎಂದರೆ ನಮ್ಮ ಮನೆಯವರು ಮತ್ತು ಅದೇ ಕಟ್ಟಡದ ಇನ್ನೆರಡು ಕನ್ನಡ ಕುಟುಂಬದವರು. ನಮ್ಮಲ್ಲಿ ಯಾರೂ ಸಿವಿಲ್ ಎಂಜಿನಿಯರಲ್ಲ. ಓದಿದ್ದು ಎಂ.ಟೆಕ್. ಆದರೂ ಹೊಟ್ಟೆಪಾಡು ಸಾಫ್ಟ್‌ವೇರ್. ಸಭೆಯಲ್ಲಿ ಸಿವಿಲ್ ಓದಿದವರು ಕೆಲವರಿದ್ದಾರೆ, ತಪ್ಪಿದರೆ ಊಟದ ಸಾಲಿನಲ್ಲಿ ಹಿಡಿದು ತಿದ್ದಬೇಕಾಗಿ ವಿನಂತಿ.

ನಮಗೆ ಈ ಹುಚ್ಚು ಹತ್ತಿದ್ದು 2017ರ ಆಗಸ್ಟ್ ತಿಂಗಳಲ್ಲಿ. ಆಗಷ್ಟೇ ಹೊಸ ಫ್ಲಾಟಿಗೆ ಬಂದಿದ್ದೆವು. ಹಾಲಿಗೆ ಪಶ್ಚಿಮದ ಕಡೆ ನೆಲದಿಂದ ಚಾವಣಿಯವರೆಗೆ ಗಾಜು. ಸಂಜೆ ಸೂರ್ಯಾಸ್ತ ಕಾಣುತ್ತದೆ ಎಂದು ಏಜೆಂಟ್ ಹೇಳಿದ, ಅದು ಸುಳ್ಳಲ್ಲ. ಮೇಲಾಗಿ ಚಿಲ್ಲರ್ ಫ್ರೀ. ಆ ಎರಡು ಶಬ್ದ ಕೇಳಿದರೆ ನಮ್ಮವರು ಉಳಿದ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಹೀಗಿರುತ್ತಾ ಒಂದು ದಿನ ಇಡೀ ಕಟ್ಟಡದ ಚಿಲ್ಲರ್ ಕೆಟ್ಟಿತು. ಎರಡು ಹಗಲು, ಎರಡು ರಾತ್ರಿ. ಮಧ್ಯಾಹ್ನ ಮೂರರ ಹೊತ್ತಿಗೆ ಆ ಗಾಜನ್ನು ಮುಟ್ಟಿದರೆ ಕೈ ಹಿಂದೆ ಬರುತ್ತಿತ್ತು. ದಪ್ಪನೆಯ ಪರದೆ ಎಳೆದೆವು. ಪರದೆಯೇ ಕಾದು, ಹಂಡೆಯ ಪಕ್ಕ ಕುಳಿತ ಹಾಗೆ ಆಯಿತು.

ಆಗ ಬಂದವರು ನಮ್ಮ ನಾತೂರ್. ಕಟ್ಟಡ ಕಾಯುವವರಿಗೆ ಇಲ್ಲಿ ನಾತೂರ್ ಎನ್ನುವುದು ನಿಮಗೆಲ್ಲ ಗೊತ್ತಿರುವುದೇ. ಕೇರಳದ ಹಿರಿಯರು, ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿದವರು. ಹಳೆಯ ನಾಲ್ಕು ಬೆಡ್‌ಶೀಟು ಕೇಳಿ ತೆಗೆದುಕೊಂಡು, ಬಾಲ್ಕನಿಯಲ್ಲಿ ಹಗ್ಗ ಬಿಗಿದು, ಗಾಜಿನ ಹೊರಗಡೆ ಇಳಿಬಿಟ್ಟರು. ಒಳಗೆ ಪರದೆ ಇದೆಯಲ್ಲ ಎಂದೆವು. "ಸಾರ್, ಬಿಸಿಲು ಗಾಜು ದಾಟಿ ಮನೆಯೊಳಗೆ ಬಂದ ಮೇಲೆ ಬಾಗಿಲು ಹಾಕಿ ಏನು ಪ್ರಯೋಜನ?" ಎಂದರು. ಅರ್ಧ ಗಂಟೆಯಲ್ಲಿ ವ್ಯತ್ಯಾಸ ತಿಳಿಯಿತು. ತಂಪಾಯಿತು ಎನ್ನುವುದಿಲ್ಲ, ಕೂರಬಹುದಾಯಿತು. ಬಾಲ್ಕನಿಯಲ್ಲಿ ಬಟ್ಟೆ ನೇತುಹಾಕಿದರೆ ದಂಡ ಬೀಳುವ ಊರಿದು, ಹಾಗಾಗಿ ಚಿಲ್ಲರ್ ಸರಿಯಾದ ತಕ್ಷಣ ತೆಗೆದೆವು. ಆದರೆ ಒಂದು ವಿಷಯ ತಲೆಯಲ್ಲಿ ಉಳಿಯಿತು. ಇಷ್ಟು ಓದಿದ ನಮಗೆ ತಿಳಿಯದ್ದು ಅವರಿಗೆ ತಿಳಿದಿತ್ತು. ಎ.ಸಿ. ಬರುವ ಮೊದಲು ಈ ಊರಿನಲ್ಲಿದ್ದವರಿಗೆ ಇನ್ನೆಷ್ಟು ತಿಳಿದಿರಬೇಕು?

ಚಳಿಗಾಲ ಬಂದ ಮೇಲೆ ಮೂರೂ ಕುಟುಂಬದವರು ಬಸ್ತಕಿಯಾಕ್ಕೆ ಹೋದೆವು. ಈಗ ಅದರ ಹೆಸರು ಅಲ್ ಫಹಿದಿ ಐತಿಹಾಸಿಕ ಬಡಾವಣೆ. ಮೀನಾ ಬಜಾರಿಗೆ ಸೀರೆ, ಚಿನ್ನ ಎಂದು ಹೋಗುತ್ತೇವೆ, ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಿಗುತ್ತದೆ, ಆದರೂ ಅಷ್ಟು ವರ್ಷ ನಾವು ಒಳಗೆ ಕಾಲಿಟ್ಟಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪರ್ಷಿಯಾದ ಬಂದರುಗಳಲ್ಲಿ ಸುಂಕದ ಕಾಟ ಹೆಚ್ಚಾದಾಗ ಅಲ್ಲಿನ ವರ್ತಕರು ಕಡಲು ದಾಟಿ ದುಬೈ ಖಾರಿಯ ದಡದಲ್ಲಿ ನೆಲೆನಿಂತರು. ಅವರಲ್ಲಿ ಹಲವರ ಊರು ಬಸ್ತಕ್, ಅದಕ್ಕೇ ಆ ಹೆಸರು. ಗಾಳಿಗೋಪುರದ ವಿದ್ಯೆಯನ್ನೂ ಅವರೇ ಜೊತೆಗೆ ತಂದರು. ಅಂದರೆ ನಾವು ಅರಬ್ ವಾಸ್ತು ಎನ್ನುವುದರಲ್ಲಿ ಪರ್ಷಿಯಾದ ಪಾಲೂ ದೊಡ್ಡದಿದೆ. ಅವರೂ ನಮ್ಮ ಹಾಗೆಯೇ ಪರವೂರಿಗೆ ದುಡಿಯಲು ಬಂದವರು.

ಇದು ಉಳಿದದ್ದೇ ಒಂದು ಕಥೆ. 1980ರ ದಶಕದಲ್ಲಿ ಬಡಾವಣೆಯ ಒಂದು ಭಾಗವನ್ನು ಕೆಡವಿದ್ದರು, ಮಿಕ್ಕಿದ್ದೂ ಹೋಗುವುದರಲ್ಲಿತ್ತು. ಅಲ್ಲೇ ಒಂದು ಹಳೆಯ ಮನೆಯನ್ನು ದುರಸ್ತಿ ಮಾಡಿಸಿಕೊಂಡಿದ್ದ ಬ್ರಿಟಿಷ್ ವಾಸ್ತುಶಿಲ್ಪಿ ರೇನರ್ ಆಟರ್ ಇದನ್ನು ಉಳಿಸಬೇಕೆಂದು ಹಟ ಹಿಡಿದರು. 1989ರಲ್ಲಿ ಆಗಿನ ರಾಜಕುಮಾರ ಚಾರ್ಲ್ಸ್ ದುಬೈಗೆ ಬಂದಾಗ ಇದನ್ನು ನೋಡಿ, ಉಳಿಸಿ ಎಂದರು. ಕೆಡವುವ ಕೆಲಸ ನಿಂತಿತು.

ಓಣಿಯೊಳಗೆ ಹೊಕ್ಕ ಕೂಡಲೇ ಮೊದಲು ತಿಳಿಯುವುದು ಗೋಪುರವಲ್ಲ, ನೆರಳು. ಇಲ್ಲಿನ ಓಣಿಗೆ ಸಿಕ್ಕಾ ಎನ್ನುತ್ತಾರೆ. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಕಿರಿದಾದ ಓಣಿಗಳೂ ಇವೆ. ಎರಡೂ ಬದಿಯ ಎತ್ತರದ ಗೋಡೆಗಳು ಒಂದಕ್ಕೊಂದು ಕೊಡೆ ಹಿಡಿದ ಹಾಗೆ ನಿಂತಿವೆ. ಖಾರಿಯ ಕಡೆ ತೆರೆದುಕೊಂಡ ಓಣಿಗಳಲ್ಲಿ ನೀರಿನ ಮೇಲಿನ ಗಾಳಿ ಒಳಕ್ಕೆ ಹರಿಯುತ್ತದೆ. ಗೋಡೆ ಮೊಳಕ್ಕೂ ಹೆಚ್ಚು ದಪ್ಪ, ಕಡಲಿನಿಂದ ತೆಗೆದ ಹವಳದ ಕಲ್ಲಿನದು. ಆ ಕಲ್ಲಿನ ತುಂಬ ಸಣ್ಣ ಸಣ್ಣ ತೂತು, ಅದರಲ್ಲಿ ಗಾಳಿ ತುಂಬಿರುವುದರಿಂದ ಶಾಖ ಬೇಗ ದಾಟುವುದಿಲ್ಲ. ಹೊರಗೋಡೆಗೆ ಕೆಳಗಡೆ ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ. ಮನೆಯ ಮುಖವೆಲ್ಲ ಒಳಗಿನ ಅಂಗಳದ ಕಡೆಗೆ. ನಮ್ಮ ತೊಟ್ಟಿಮನೆ ನೋಡಿದವರಿಗೆ ಹೊಸದೇನೂ ಅಲ್ಲ. ಕೋಣೆಗಳು ಮಾತ್ರ ಉದ್ದ ಎಷ್ಟಿದ್ದರೂ ಅಗಲ ಹತ್ತು ಹನ್ನೆರಡು ಅಡಿಯ ಸುತ್ತಮುತ್ತ. ಏಕೆಂದರೆ ಚಾವಣಿಗೆ ಹಾಕುವ ಚಂದಲ್ ಎಂಬ ಕಾಂಡ್ಲಾ ಮರದ ಗಳು ಆಫ್ರಿಕಾದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ಬರಬೇಕು, ಅದರ ಉದ್ದ ಅಷ್ಟೇ. ಬಾಗಿಲಿನ ತೇಗ ನಮ್ಮ ದೇಶದ ಪಶ್ಚಿಮ ಕರಾವಳಿಯಿಂದ ಹೋದದ್ದು. ನಾವು ಬರುವುದಕ್ಕೆ ಎಷ್ಟೋ ಮೊದಲು ನಮ್ಮ ಕಡೆಯ ಮರ ಇಲ್ಲಿಗೆ ಬಂದು ದುಡಿಯುತ್ತಿತ್ತು!

ಈಗ ಬರ್ಜೀಲ್. ಗೋಪುರದ ನಾಲ್ಕೂ ಮುಖಕ್ಕೆ ಉದ್ದನೆಯ ತೆರೆದ ಕಿಂಡಿ. ಒಳಗೆ ಗುಣಾಕಾರದ ಚಿಹ್ನೆಯ ಹಾಗೆ ಎರಡು ಅಡ್ಡಗೋಡೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಆ ಗೋಡೆಗೆ ಬಡಿದು ಕೆಳಕ್ಕೆ ತಿರುಗುತ್ತದೆ. ಎದುರು ಬದಿಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಕೋಣೆಯ ಗಾಳಿಯನ್ನು ಅದೇ ಗೋಪುರ ಮೇಲಕ್ಕೆ ಎಳೆದು ಹೊರಹಾಕುತ್ತದೆ. ಎತ್ತರದಲ್ಲಿ ಗಾಳಿಯ ವೇಗ ಹೆಚ್ಚು, ಮರಳು ಧೂಳು ಕಡಿಮೆ. ಗಾಳಿಯೇ ಇಲ್ಲದ ರಾತ್ರಿ, ಹಗಲೆಲ್ಲ ಕಾದ ಗೋಪುರದ ಗೋಡೆ ಒಳಗಿನ ಗಾಳಿಯನ್ನು ಬಿಸಿ ಮಾಡಿ ಮೇಲಕ್ಕೆ ಕಳುಹಿಸುತ್ತದೆ, ನಮ್ಮ ಬಚ್ಚಲೊಲೆಯ ಹೊಗೆಗೂಡಿನ ಹಾಗೆ. ಅದರ ಬುಡದಲ್ಲಿ ಮಂಚ ಹಾಕಿ ಮಲಗುತ್ತಿದ್ದರು. ಚಳಿಗಾಲದಲ್ಲಿ ಕಿಂಡಿಗೆ ಹಲಗೆ ಮುಚ್ಚುತ್ತಿದ್ದರು. ಹವಳದ ಕಲ್ಲಿನ ಮನೆ ಉಳ್ಳವರದ್ದು. ಬಡವರದ್ದು ಖರ್ಜೂರದ ಗರಿಯ ಅರೀಶ್ ಗುಡಿಸಲು, ನಮ್ಮ ಮಡಲಿನ ತಟ್ಟಿಯ ಹಾಗೆ ಗಾಳಿಯಾಡುವಂಥದ್ದು. ಅಂಥ ಗುಡಿಸಲಿನ ಮೇಲೂ ಗೋಣಿತಾಟಿನ ಗಾಳಿಗೋಪುರ ನಿಲ್ಲಿಸುತ್ತಿದ್ದರಂತೆ. ಇದನ್ನು ಓದಿದಾಗ ನಮಗೆ ಆ ಕಲ್ಲಿನ ಗೋಪುರಕ್ಕಿಂತ ಇದೇ ದೊಡ್ಡದೆನಿಸಿತು.

ಆದರೆ ಇಲ್ಲೊಂದು ಸತ್ಯ ಹೇಳಲೇಬೇಕು. ಪ್ರವಾಸಿಗಳಿಗೆ ಇದನ್ನು ಹಳೆಯ ಕಾಲದ ಎ.ಸಿ. ಎಂದು ಪರಿಚಯಿಸುತ್ತಾರೆ. ಅದು ಎ.ಸಿ. ಅಲ್ಲ, ಫ್ಯಾನ್. ಹೊರಗೆ 42 ಡಿಗ್ರಿ ಇದ್ದರೆ ಒಳಗೆ ಬರುವ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಬೆವರು ಆರಿದ್ದರಿಂದ ಮೈಗೆ ತಂಪು ತಿಳಿಯುತ್ತದೆ, ಅಷ್ಟೆ. ಇರಾನಿನ ಯಜ್ದ್‌ನಂಥ ಒಣ ಊರಿನಲ್ಲಿ ಗಾಳಿಯನ್ನು ನೀರಿನ ಮೇಲೆ ಹಾಯಿಸಿ ನಿಜಕ್ಕೂ ತಂಪು ಮಾಡಬಹುದು. ಈ ಕರಾವಳಿಯಲ್ಲಿ ಗಾಳಿಯೇ ಒದ್ದೆ, ಇನ್ನು ನೀರು ಎಲ್ಲಿ ಆರಬೇಕು? ಆದ್ದರಿಂದಲೇ ಬರ್ಜೀಲ್ ಇದ್ದವರೂ ಕಡು ಬೇಸಿಗೆಯಲ್ಲಿ ಸಾಧ್ಯವಾದರೆ ಮನೆ ಬಿಟ್ಟು ಅಲ್ ಐನ್‌ನಂಥ ಖರ್ಜೂರದ ತೋಟಗಳ ಊರಿಗೆ ಹೋಗುತ್ತಿದ್ದರು. ಹೋಗಲು ಆಗದವರು ಸಹಿಸಿಕೊಂಡಿದ್ದರು.

ಇದನ್ನು ಮರೆತರೆ ಆಗುವ ಅನಾಹುತ ಎರಡು ಬಗೆಯದು. ಒಂದು, ಹೊಸ ವಿಲ್ಲಾಗಳ ಮೇಲೆ ಬರ್ಜೀಲ್‌ನ ಆಕಾರ ಮಾತ್ರ ಕೂರಿಸುವುದು. ಒಳಗಿನಿಂದ ಪೂರ್ತಿ ಮುಚ್ಚಿರುತ್ತದೆ, ಗಾಳಿಯೂ ಇಲ್ಲ, ನೆರಳೂ ಇಲ್ಲ, ಬರೀ ಕಿರೀಟ. ಇನ್ನೊಂದು, ಹಳೆಯದೆಲ್ಲ ಒಳ್ಳೆಯದು ಎಂದು ನಿಜವಾದ ಬರ್ಜೀಲ್ ತೆರೆದಿಟ್ಟು ಕೆಳಗೆ ಎ.ಸಿ. ಹಾಕುವುದು. ನೋಡಿ, ಹಳೆಯ ಮನೆ ಗಾಳಿಯನ್ನು ಒಳಗೆ ಕರೆದು ಬದುಕುತ್ತಿತ್ತು. ಎ.ಸಿ. ಮನೆ ಗಾಳಿಯನ್ನು ಹೊರಗಿಟ್ಟು ಬದುಕುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ, ಹೊರಗಿನ ತೇವವನ್ನೆಲ್ಲ ಹಿಂಡಿ ನೀರು ಮಾಡುವುದೇ ಎ.ಸಿ.ಯ ಕೆಲಸವಾಗುತ್ತದೆ. ಬಿಲ್ಲು ಸ್ಲ್ಯಾಬ್ ಏರುತ್ತದೆ, ಗೋಡೆಗೆ ಬೂಸಲು ಹಿಡಿಯುತ್ತದೆ.

ಹಾಗಾದರೆ ಹಳೆಯದನ್ನೂ ಹೊಸದನ್ನೂ ಬೆಸೆಯುವುದು ಹೇಗೆ? ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಮನೆಗೆ ಎರಡು ಮೋಡ್ ಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ತೆರೆದ ಮನೆ. ಅಂಗಳದ ಬಾಗಿಲು ತೆಗೆದು, ಮೆಟ್ಟಿಲ ಕೋಣೆಯ ನೆತ್ತಿಯ ಕಿಂಡಿ ತೆಗೆದರೆ ಆ ಮೆಟ್ಟಿಲ ಕೋಣೆಯೇ ಬರ್ಜೀಲ್ ಆಗುತ್ತದೆ, ಪ್ರತ್ಯೇಕ ಗೋಪುರ ಬೇಕಾಗಿಲ್ಲ. ಉಳಿದ ತಿಂಗಳು ಅದೇ ಕಿಂಡಿ ರಬ್ಬರ್ ಪಟ್ಟಿ ಹಾಕಿ ಬಿಗಿಯಾಗಿ ಮುಚ್ಚುವಂತಿರಬೇಕು, ಆಗ ಎ.ಸಿ. ಮನೆ. ಆದರೆ ಎರಡೂ ಮೋಡಿಗೆ ಸಮಾನವಾದದ್ದು ಒಂದಿದೆ. ಅದೇ ನೆರಳು. ಬಿಸಿಲನ್ನು ಗೋಡೆಗೂ ಗಾಜಿಗೂ ತಾಗುವ ಮೊದಲೇ ತಡೆಯುವುದು, ನಮ್ಮ ನಾತೂರ್ ಬೆಡ್‌ಶೀಟಿನಲ್ಲಿ ಮಾಡಿದ್ದು.

ಆ ಬೆಡ್‌ಶೀಟಿನ ಚೆಂದದ ರೂಪವೇ ಮಶ್ರಬಿಯ್ಯಾ. ಕೈರೋದ ಹಳೆಯ ಮನೆಗಳಲ್ಲಿ ಕಡೆದ ಮರದ ತುಂಡುಗಳನ್ನು ಜೋಡಿಸಿ ಮಾಡಿದ ಜಾಲಂಧ್ರ. ಗಾಳಿ ಬರುತ್ತದೆ, ಬಿಸಿಲಿನ ಝಳ ಬರುವುದಿಲ್ಲ, ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನದು ಕಾಣುವುದಿಲ್ಲ. ಅಬುಧಾಬಿಯ ಅಲ್ ಬಹರ್ ಅವಳಿ ಗೋಪುರಗಳನ್ನು ನೀವು ಕಾರಿನಿಂದಲಾದರೂ ನೋಡಿರುತ್ತೀರಿ. 2012ರಲ್ಲಿ ಮುಗಿದ ಕಟ್ಟಡ. ಗಾಜಿನ ಹೊರಗೆ ಛತ್ರಿಯ ಹಾಗೆ ಬಿಚ್ಚಿ ಮಡಿಚುವ ಫಲಕಗಳು, ಒಂದೊಂದು ಗೋಪುರಕ್ಕೂ ಸಾವಿರಕ್ಕೂ ಹೆಚ್ಚು. ಸೂರ್ಯ ತಿರುಗಿದ ಹಾಗೆ ಕಂಪ್ಯೂಟರ್ ಪ್ರೋಗ್ರಾಮ್ ಅವನ್ನು ಮುಚ್ಚುತ್ತಾ ತೆರೆಯುತ್ತಾ ಹೋಗುತ್ತದೆ. ನಮ್ಮ ಕಸುಬಿನವರಿಗೆ ಹೆಮ್ಮೆ ಪಡುವಂಥದ್ದೇ. ಆದರೆ ನಮಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಉತ್ತರದ ಬದಿಗೆ ಫಲಕಗಳೇ ಇಲ್ಲ. ಅಲ್ಲಿ ಬಿಸಿಲಿನ ಕಾಟ ಕಡಿಮೆ, ಹಾಗಾಗಿ ಬೇಕಾಗಿಲ್ಲ. ದಿಕ್ಕು ನೋಡಿ ಕಟ್ಟುವುದು ಎಂದರೆ ಇದು.

ಮಸ್ದರ್ ಸಿಟಿಗೂ ಹೋಗಿ ಬಂದೆವು. 2006ರಲ್ಲಿ ಘೋಷಣೆಯಾದ ಈ ಊರನ್ನು ಬ್ರಿಟನ್ನಿನ ಫಾಸ್ಟರ್ ಅವರ ಸಂಸ್ಥೆ ಯೋಜಿಸಿತು. ಕಿರಿದಾದ ನೆರಳಿನ ಓಣಿ, ಸುಟ್ಟ ಮಣ್ಣಿನ ಬಣ್ಣದ ಜಾಲರಿಯ ಬಾಲ್ಕನಿ, ನಡುವಿನ ಅಂಗಳದಲ್ಲಿ 45 ಮೀಟರ್ ಎತ್ತರದ ಉಕ್ಕಿನ ಗಾಳಿಗೋಪುರ. ಪೂರ್ತಿ ಊರು ಮೊದಲು 2016ಕ್ಕೇ ಮುಗಿಯಬೇಕಿತ್ತು, ಆಗಲಿಲ್ಲ, ಗಡುವು ಮುಂದೆ ಹೋಯಿತು. ಅದನ್ನು ಹಿಡಿದು ನಗುವವರಿದ್ದಾರೆ. ಆ ಓಣಿಯಲ್ಲಿ ಅಕ್ಟೋಬರಿನ ಮಧ್ಯಾಹ್ನ ನಡೆದು, ಆಮೇಲೆ ಪಾರ್ಕಿಂಗಿನ ಡಾಂಬರಿಗೆ ಬಂದು ನಿಂತರೆ ನಗು ತಾನಾಗಿ ನಿಲ್ಲುತ್ತದೆ. ಸರ್ಕಾರಗಳೂ ಕಾನೂನು ಮಾಡಿವೆ. ಅಬುಧಾಬಿಯಲ್ಲಿ 2010ರಿಂದ ಎಸ್ತಿದಾಮಾ, ದುಬೈಯಲ್ಲಿ 2014ರಿಂದ ಎಲ್ಲ ಹೊಸ ಕಟ್ಟಡಗಳಿಗೂ ಹಸಿರು ನಿಯಮ.

ಕಾನೂನಿಗೂ ಮೊದಲೇ ಈ ಮಾತು ಹೇಳಿದ ಒಬ್ಬರನ್ನು ನೆನೆಯಬೇಕು. ಈಜಿಪ್ಟಿನ ಹಸನ್ ಫತ್ಹಿ (1900–1989). ಸಿಮೆಂಟು ಕಬ್ಬಿಣ ಬಡವರ ಕೈಗೆ ಎಟುಕದ್ದು ಎಂದು ಹಸಿ ಇಟ್ಟಿಗೆಯ ಗುಮ್ಮಟ, ಅಂಗಳ, ಗಾಳಿಕಿಂಡಿಗಳ ಮನೆ ಕಟ್ಟಿಸಿದವರು. 1940ರ ದಶಕದಲ್ಲಿ ಲಕ್ಸರ್ ಹತ್ತಿರ ಹೊಸ ಗೂರ್ನಾ ಎಂಬ ಊರನ್ನೇ ಕಟ್ಟಲು ಹೊರಟರು. ಮನೆಗಳು ಸೊಗಸಾಗಿದ್ದವು. ಆದರೆ ಹಳೆಯ ಗೂರ್ನಾದ ಜನ ಬರಲು ಒಪ್ಪಲಿಲ್ಲ. ಅವರ ಜೀವನ ಪುರಾತನ ಸಮಾಧಿಗಳ ಮೇಲಿನ ತಮ್ಮ ಹಳೆಯ ಊರಿಗೇ ಅಂಟಿಕೊಂಡಿತ್ತು. ಅಲ್ಲದೆ ಗುಮ್ಮಟ ಎಂದರೆ ಅವರಿಗೆ ಗೋರಿಯ ನೆನಪು. ಊರು ಅರ್ಧಕ್ಕೇ ನಿಂತಿತು. ಮನೆಯಲ್ಲಿ ಇರಬೇಕಾದವರಿಗೆ ಹೊಂದದಿದ್ದರೆ ಎಷ್ಟು ಒಳ್ಳೆಯ ಮನೆಯೂ ಖಾಲಿ.

ಈ ಖಾಲಿ ಮನೆಯ ವಿಷಯ ನಮಗೆ ಚೆನ್ನಾಗಿ ಗೊತ್ತು. ಇಲ್ಲಿ ಕುಳಿತವರಲ್ಲಿ ಅರ್ಧಕ್ಕರ್ಧ ಜನ ಊರಿನಲ್ಲಿ ಮನೆ ಕಟ್ಟಿಸಿದ್ದೀರಿ, ಅಥವಾ ಕಟ್ಟಿಸುತ್ತಿದ್ದೀರಿ. ನಾವೂ 2011ರಲ್ಲಿ ಉಡುಪಿಯ ಕಡೆ ಕಟ್ಟಿಸಿದೆವು. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೆ ಉದ್ದಕ್ಕೂ ಜಗಲಿ ಇದ್ದ ಹಳೆಯ ಮನೆ ಕೆಡವಿ, ಇಲ್ಲಿನ ಒಂದು ವಿಲ್ಲಾದ ಫೋಟೋ ಕಳುಹಿಸಿ, ಹೀಗೇ ಬೇಕು ಎಂದೆವು. ಎರಡು ಮಾಳಿಗೆ ಎತ್ತರದ ಹಾಲ್, ರಸ್ತೆಯ ಕಡೆ ಅಂದರೆ ಪಶ್ಚಿಮಕ್ಕೆ ಪೂರಾ ಗಾಜು. ಮೇಸ್ತ್ರಿ ಒಂದು ಮಾತು ಹೇಳಿದ್ದರು, ಮಳೆ ಈ ಕಡೆಯಿಂದಲೇ ಹೊಡೆಯುವುದು, ಸ್ವಲ್ಪ ಮಾಡು ಇಳಿಸುವ ಎಂದು. ಫೋಟೋದಲ್ಲಿ ಮಾಡು ಇರಲಿಲ್ಲ, ನಾವು ಕೇಳಲಿಲ್ಲ. ಬರ್ಜೀಲ್‌ಗಳ ಊರಿನಲ್ಲಿದ್ದುಕೊಂಡು ನಾವು ಊರಿಗೆ ಕಳುಹಿಸಿದ್ದು ಗಾಜನ್ನು.

ಮಳೆಗಾಲದಲ್ಲಿ ಗಾಜಿನ ಸಂದಿಯಿಂದ ನೀರು. ಏಪ್ರಿಲಿನಲ್ಲಿ ಮಧ್ಯಾಹ್ನದ ಮೇಲೆ ಹಾಲಿನಲ್ಲಿ ಕೂರಲಾಗದು, ತೆರೆಯಲು ಅದರಲ್ಲಿ ಕಿಟಕಿಯೂ ಇಲ್ಲ. ಅಷ್ಟು ದೊಡ್ಡ ಹಾಲಿಗೆ ಎ.ಸಿ. ಹಾಕಿದರೆ ಕರೆಂಟು ಬಿಲ್ಲಿಗೆ ಹೆದರಿ ಅಮ್ಮ ಅದನ್ನು ಮುಟ್ಟುವುದೇ ಇಲ್ಲ. ರಜೆಯಲ್ಲಿ ಹೋದಾಗ ನೋಡಿದರೆ, ಅವರು ಮಧ್ಯಾಹ್ನವಿಡೀ ಹಿಂದಿನ ಬಾವಿಕಟ್ಟೆಯ ಬಳಿ ಮಡಲಿನ ಚಪ್ಪರದಡಿ ಕುರ್ಚಿ ಹಾಕಿ ಕೂತಿರುತ್ತಿದ್ದರು. ಯಾಕಮ್ಮ ಎಂದರೆ, "ಹಾಲ್ ಚೆಂದ ಉಂಟು ಮಗ. ಬಂದವರಿಗೆ ತೋರಿಸ್ಲಿಕ್ಕೆ ಲಾಯ್ಕ. ಕೂತ್ಕೊಳ್ಲಿಕ್ಕೆ ಇದೇ ಆಗ್ತದೆ."

ಸರಿಪಡಿಸಲು ನಮಗೆ ಎಂಟು ವರ್ಷ ಬೇಕಾಯಿತು. 2019ರಲ್ಲಿ ಅದೇ ಮೇಸ್ತ್ರಿಯನ್ನು ಕರೆಸಿ, ಪಶ್ಚಿಮದ ಗಾಜಿನ ಮೇಲ್ಭಾಗ ಬಿಟ್ಟು ಕೆಳಭಾಗ ತೆಗೆಸಿ, ತೆರೆಯುವ ಮರದ ಕಿಟಕಿ ಕೂರಿಸಿದೆವು. ಮೇಲ್ಭಾಗದ ಹೊರಗೆ ಮರದ ಪಟ್ಟಿಗಳ ಜಾಲರಿ, ನಮ್ಮ ಮಟ್ಟಿನ ಮಶ್ರಬಿಯ್ಯಾ. ಮುಂದೆ ಎಂಟು ಅಡಿಯ ಹೆಂಚಿನ ಜಗಲಿ. ಟಾರಸಿಯ ಮೇಲೂ ಹೆಂಚು ಹೊದಿಸಿದೆವು, ನಡುವೆ ಗಾಳಿಯಾಡುವಂತೆ. ಮೆಟ್ಟಿಲ ಕೋಣೆಯ ನೆತ್ತಿಯಲ್ಲಿ ಎರಡು ಕಿಂಡಿ, ಮಳೆ ಬಾರದ ಹಾಗೆ ಪೂರ್ವಕ್ಕೆ. ಮೊದಲೇ ಮಾಡಿದ್ದರೆ ಆ ಗಾಜಿನ ದುಡ್ಡಿನಲ್ಲಿ ಮೂರು ಜಗಲಿ ಆಗುತ್ತಿತ್ತು. ಈಗ ಅಮ್ಮ ಹಿಂದಿನಿಂದ ಮುಂದಕ್ಕೆ ಬಂದಿದ್ದಾರೆ. ಹಾಲಿಗಲ್ಲ, ಜಗಲಿಗೆ. ಹಾಲ್ ಈಗಲೂ ಬಂದವರಿಗೆ ತೋರಿಸಲಿಕ್ಕೇ.

ಇಲ್ಲಿ ಬಾಡಿಗೆ ಫ್ಲಾಟಿನಲ್ಲಿರುವವರು ನಾವೇನು ಮಾಡಲು ಸಾಧ್ಯ ಎಂದು ಕೇಳಬಹುದು. ಮುಂದಿನ ಸಲ ಫ್ಲಾಟ್ ನೋಡಲು ಹೋಗುವಾಗ ಬೆಳಿಗ್ಗೆ ಹೋಗಬೇಡಿ, ಮಧ್ಯಾಹ್ನ ನಾಲ್ಕಕ್ಕೆ ಹೋಗಿ ಗಾಜು ಮುಟ್ಟಿ ನೋಡಿ. ದಕ್ಷಿಣದ ಬಿಸಿಲು ಎತ್ತರದಿಂದ ಬರುತ್ತದೆ, ಮೇಲಿನ ಮನೆಯ ಬಾಲ್ಕನಿಯೇ ಅದಕ್ಕೆ ಸಾಕು. ಪಶ್ಚಿಮದ್ದು ಅಡ್ಡ ಬೀಳುವ ಬಿಸಿಲು, ಅದನ್ನು ತಡೆಯುವುದು ಕಷ್ಟ. ಬಾಲ್ಕನಿಯಲ್ಲಿ ಕುಂಡಗಳಿಟ್ಟು ಬಸಳೆಯನ್ನೋ ತೊಂಡೆಯನ್ನೋ ಬಲೆಗೆ ಹಬ್ಬಿಸಿದರೆ ಅದಕ್ಕೆ ದಂಡವಿಲ್ಲ, ಚಳಿಗಾಲಕ್ಕೆ ಪಲ್ಯವೂ ಆಯಿತು.

ಕೊನೆಯದಾಗಿ ಒಂದು ಕೆಲಸದ ಮಾತು. ಈ ಸಂಚಿಕೆಯ ಜಾಹೀರಾತಿನಿಂದ, ನಿಮ್ಮ ದೇಣಿಗೆಯಿಂದ ಸೇರುವ ಹಣ ಈ ವರ್ಷ ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಶಾಲೆಗೆ ಎರಡು ಕೊಠಡಿ ಕಟ್ಟಲು ಹೋಗುತ್ತದೆ. ಅದರ ನಕ್ಷೆ ಬಂದಿದೆ. ಮೇಲೆ ತಗಡಿನ ಶೀಟು, ದೊಡ್ಡ ಕಿಟಕಿಗಳೆಲ್ಲ ಪಶ್ಚಿಮಕ್ಕೆ. ಅಲ್ಲಿ ಮಾರ್ಚ್, ಏಪ್ರಿಲ್ ಎಂದರೆ ಪರೀಕ್ಷೆಯ ಕಾಲ, ಬಿಸಿಲು ನಲವತ್ತರ ಸುತ್ತ. ಮಕ್ಕಳು ಕೂತು ಬರೆಯಬೇಕಾದದ್ದು ಆ ಶೀಟಿನ ಕೆಳಗೆ. ಅಲ್ಲಿಯ ಹವೆ ಒಣ, ದಪ್ಪ ಗೋಡೆಗೂ ಎತ್ತರದ ಗಾಳಿಕಿಂಡಿಗೂ ನಮ್ಮ ಕರಾವಳಿಗಿಂತ ಹೆಚ್ಚು ಫಲ ಉಂಟು. ಆ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಅದೆಲ್ಲ ಇದ್ದೇ ಇದೆ. ಕಿಟಕಿಗಳನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಲು ಖರ್ಚಿಲ್ಲ. ಪಶ್ಚಿಮಕ್ಕೊಂದು ಪಡಸಾಲೆ, ಶೀಟಿನ ಬದಲು ಬೇರೆ ಚಾವಣಿ ಎಂದರೆ ಖರ್ಚು ಹೆಚ್ಚಾಗುತ್ತದೆ, ಎಷ್ಟು ಎಂದು ಇನ್ನೂ ಲೆಕ್ಕ ಹಾಕಬೇಕು. ಸಮಿತಿಯವರು ತಿದ್ದಲು ಒಪ್ಪಿದ್ದಾರೆ. ಶಾಲೆಯ ಮೇಷ್ಟ್ರನ್ನೂ ಊರವರನ್ನೂ ಕೇಳದೆ ಏನೂ ಬದಲಿಸುವುದಿಲ್ಲ ಎಂದೂ ಮಾತಾಗಿದೆ, ಹೊಸ ಗೂರ್ನಾ ಒಂದು ಸಾಕು. ನಕ್ಷೆಯ ದೊಡ್ಡ ಪ್ರತಿಯನ್ನು ಊಟದ ಹಾಲಿನ ಬಾಗಿಲ ಪಕ್ಕ ಅಂಟಿಸಿದ್ದೇವೆ, ಪೆನ್ಸಿಲನ್ನೂ ದಾರ ಕಟ್ಟಿ ಇಟ್ಟಿದ್ದೇವೆ. ಸಿವಿಲ್ ಬಲ್ಲವರು ಊಟಕ್ಕೆ ಮುಂಚೆಯೇ ಒಮ್ಮೆ ನೋಡಿ ಗುರುತು ಹಾಕಿ. ಉಳಿದವರು ಕೈತೊಳೆದು ಬಂದ ಮೇಲೆ ಖಜಾಂಚಿಯವರನ್ನು ಕಾಣಬಹುದು.